ಹದಿಮೂರು ಹಾಜರು, ಒಂದು ಗೈರುಹಾಜರು

ದೇವಕೆಮ್ಮ ಹೇಳಿದ ಒಂದು ಮಾತನ್ನು ನಾನು ನುಂಗಿದೆ. ಮರೆತದ್ದಲ್ಲ, ತಿಳಿಯದೆ ಬಿಟ್ಟದ್ದಲ್ಲ — ಕೇಳಿ, ಅರ್ಥ ಮಾಡಿಕೊಂಡು, ಇದನ್ನು ಹೇಳಿದರೆ ನನ್ನ ಗತಿ ಏನು ಎಂದು ಯೋಚಿಸಿ, ಆಮೇಲೆ ನುಂಗಿದೆ. ದೊಡ್ಡ ಮಾತೇನಲ್ಲ. ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವಂಥದ್ದು. ಅದನ್ನು ನಾನು ಹೇಳದೆ ಹೋದದ್ದಕ್ಕೆ ಅವಳ ಎರಡು ವರ್ಷದ ಮಗಳು ಹನ್ನೊಂದು ತಿಂಗಳು ಶಿಶುಗೃಹದಲ್ಲಿ ಬೆಳೆಯಬೇಕಾಯಿತು. ಮಕ್ಕಳ ಕಲ್ಯಾಣ ಸಮಿತಿಯ ದಾಖಲೆಯಲ್ಲಿ ಅವಳ ಹೆಸರಿನ ಮುಂದೆ 'ಮಗುವನ್ನು ಕಟ್ಟಿಹಾಕಿ ನಿರ್ಲಕ್ಷಿಸಿದ ತಾಯಿ' ಎಂದು ಸೇರಿತು. ಏಳು ವರ್ಷವಾಯಿತು, ಇನ್ನೂ ಹಾಗೇ ಇದೆ. ಬರೆದವರು ಬೇರೆ ಯಾರೋ. ಬರೆಸಿದವಳು ನಾನು.

ನನ್ನ ಹೆಸರು ಸುಮಂಗಲಾ. ಧಾರವಾಡದವಳು, ಮದುವೆಯಾಗಿ ಪುಣೆಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಕಟ್ಟಡ ಕೆಲಸ ನಡೆಯುವ ಜಾಗಗಳಲ್ಲಿ ಕೂಲಿಯವರ ಮಕ್ಕಳಿಗೆ ಬಾಲವಾಡಿ ನಡೆಸುವ ಒಂದು ಸಂಸ್ಥೆಯಲ್ಲಿ ನನ್ನ ಕೆಲಸ. ಸಂಸ್ಥೆಯ ಹೆಸರು ಬೇಡ, ತಪ್ಪು ಅದರದ್ದಲ್ಲ. ಆಗ ನಾನಿದ್ದದ್ದು ಊರಿನ ಅಂಚಿನಲ್ಲಿ, ಇಪ್ಪತ್ತು ಮಹಡಿಯ ಕಟ್ಟಡಗಳು ಏಳುತ್ತಿದ್ದ ಒಂದು ಕಡೆ. ತಗಡಿನ ಎರಡು ಕೋಣೆ, ಹದಿನಾಲ್ಕು ಮಕ್ಕಳು, ನಾನೊಬ್ಬಳೇ ಶಿಕ್ಷಕಿ. ಬೆಳಿಗ್ಗೆ ತಾಯಂದಿರು ಬಿಟ್ಟುಹೋದರೆ ಸಂಜೆಯವರೆಗೆ ಮಕ್ಕಳು ನನ್ನ ಪಾಲು. ಯಾದಗಿರಿ, ಕಲಬುರಗಿ ಕಡೆಯವರೇ ಹೆಚ್ಚು. ಹೊರಗೆ ಮರಾಠಿ ತಿಳಿಯದೆ ಒದ್ದಾಡುತ್ತಿದ್ದ ಆ ಹೆಂಗಸರಿಗೆ ಕನ್ನಡದಲ್ಲಿ ಬೈಯುವ ಒಬ್ಬ 'ಅಕ್ಕೋರು' ಸಿಕ್ಕಿದ್ದೇ ದೊಡ್ಡದಾಗಿತ್ತು. ಬೈಯುವುದರಲ್ಲಿ ನಾನು ಕಡಿಮೆಯವಳೂ ಅಲ್ಲ. ಮಗುವಿನ ಉಗುರು ಯಾಕೆ ಕತ್ತರಿಸಿಲ್ಲ, ಬೆಳ್ಳಂಬೆಳಿಗ್ಗೆ ಯಾಕೆ ಚಹಾ ಕುಡಿಸಿದಿರಿ — ಎಲ್ಲದಕ್ಕೂ ನನ್ನ ಬಾಯಿ ಮುಂದು. ಮಕ್ಕಳನ್ನು ಸಾಕುವುದು ಇವರಿಗೇನು ಗೊತ್ತು ಎಂಬ ಧಿಮಾಕು. ಆ ಧಿಮಾಕನ್ನು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ದೇವಕೆಮ್ಮ ಸುರಪುರದ ಕಡೆಯವಳು. ಗಂಡ ಸಾಬಣ್ಣ ಸೆಂಟ್ರಿಂಗ್ ಕೆಲಸಕ್ಕೆ, ಇವಳು ಇಟ್ಟಿಗೆ, ಉಸುಕು ಹೊರುವುದಕ್ಕೆ. ಮಗಳು ಭಾಗ್ಯಶ್ರೀ. ಮೊದಲ ದಿನ ನಾನು ಆ ಮಗುವನ್ನು ನೋಡಿದಾಗ ಅದು ಕಂಬಕ್ಕೆ ಕಟ್ಟಿಸಿಕೊಂಡು ಕೂತಿತ್ತು.

ಕಟ್ಟಡದ ಕೆಲಸಕ್ಕೆ ಬರುವ ತಾಯಂದಿರು ಮಗುವನ್ನು ಕಟ್ಟುತ್ತಾರೆ. ಕಂಡಿರದವರಿಗೆ ಹೇಳುತ್ತೇನೆ. ಅಲ್ಲಿ ಲಿಫ್ಟಿಗೆಂದು ಬಿಟ್ಟ ಹೊಂಡ ಬಾಯಿ ತೆರೆದುಕೊಂಡಿರುತ್ತದೆ, ನೀರಿನ ಟಾಕಿಗೆ ಮುಚ್ಚಳವಿರುವುದಿಲ್ಲ, ಮೇಲಿನಿಂದ ಯಾವಾಗ ಏನು ಬೀಳುತ್ತದೋ ಹೇಳಲಾಗದು. ಆಗಷ್ಟೇ ಓಡಲು ಕಲಿತ ಮಗುವನ್ನು ಎಲ್ಲಿ ಬಿಡುವುದು? ಹಳೆಯ ಸೀರೆಯ ಒಂದು ಪಟ್ಟಿ ಹರಿದು, ಒಂದು ತುದಿ ಮಗುವಿನ ಕಾಲಿಗೆ, ಇನ್ನೊಂದು ತುದಿ ನೆರಳಲ್ಲಿರುವ ಕಂಬಕ್ಕೆ. ಪಕ್ಕಕ್ಕೆ ಒಂದು ತಾಟಿನಲ್ಲಿ ಚುರುಮುರಿ. ನೋಡಿದವರು ಮುಖ ತಿರುಗಿಸುತ್ತಾರೆ. ಕಟ್ಟಿದವಳಿಗೆ ಮಾತ್ರ ಸಂಜೆ ಇಳಿದು ಬಂದಾಗ ಮಗು ಇದ್ದಲ್ಲೇ ಇರುತ್ತದೆ ಎಂಬ ಧೈರ್ಯ.

ಹೀಗೆ ಕಟ್ಟುವುದು ತಪ್ಪಲಿ ಎಂದೇ ಬಾಲವಾಡಿ ಇದ್ದದ್ದು. ನಾನು ಹೊಸಬರಿಗೆ ಹೇಳುತ್ತಿದ್ದ ಮೊದಲ ನಿಯಮ ಅದು. ಅವತ್ತು ಗಂಟನ್ನು ನನ್ನ ಕೈಯಾರೆ ಬಿಚ್ಚಿದೆ. ಹಸಿರು ಸೀರೆಯ ಅಂಚಿನ ಪಟ್ಟಿ. ಅದನ್ನು ಸುತ್ತಿ ಕೈಯಲ್ಲಿ ಹಿಡಿದುಕೊಂಡು ದೇವಕೆಮ್ಮನನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡೆ. "ಇದೇನು ಕೂಸೋ, ಕರುವೋ? ಇನ್ನೊಮ್ಮೆ ಕಟ್ಟಿದ್ದು ನೋಡಿದ್ರ ಪೊಲೀಸರಿಗೇ ಹೇಳ್ತೀನಿ ನೋಡು!" ಅವಳಿಗಾಗ ಇಪ್ಪತ್ತೆರಡೋ ಇಪ್ಪತ್ತಮೂರೋ. ಸೆರಗು ಬಾಯಿಗೆ ಅಡ್ಡ ಹಿಡಿದು ನಾಚಿಕೊಂಡು ನಕ್ಕಳು. "ಇನ್ನ ನೀವ್ ಅದೀರಲ್ರಿ ಅಕ್ಕೋರ. ಯಾಕ ಕಟ್ಟಲಿರಿ?"

ಪಟ್ಟಿಯನ್ನು ನಾನು ವಾಪಸ್ಸು ಕೊಡಲಿಲ್ಲ. ಬಾಲವಾಡಿಯ ಕಪಾಟಿನಲ್ಲಿಟ್ಟೆ. ಐದು ತಿಂಗಳು ಅದು ಅಲ್ಲೇ ಇತ್ತು. ಐದು ತಿಂಗಳು ಅವಳು ಮಗುವನ್ನು ಒಂದು ದಿನವೂ ಕಟ್ಟಲಿಲ್ಲ.

ಆಮೇಲೆ ಅದನ್ನು ಕಪಾಟಿನಿಂದ ತೆಗೆದು ಅವಳ ಕೈಗೆ ಕೊಟ್ಟವಳು — ನಾನೇ.

ನನ್ನ ಗಂಡನ ಮನೆಯವರ ದೇವರು ಮೈಲಾರ. ಜೇಜುರಿಯ ಖಂಡೋಬಾ ಎಂದರೂ ಅವನೇ. ಆ ವರ್ಷ ಸೋಮವಾರ ಅಮಾವಾಸ್ಯೆ ಬಿದ್ದಿತ್ತು, ಜೇಜುರಿಯಲ್ಲಿ ಅಂದು ದೊಡ್ಡ ಜಾತ್ರೆ; ಧಾರವಾಡದಿಂದ ನನ್ನ ನಾದಿನಿ, ಅವಳ ಅತ್ತೆ, ಇನ್ನೂ ನಾಲ್ಕು ಜನ ಗಾಡಿ ಮಾಡಿಕೊಂಡು ಬರುವವರಿದ್ದರು. ನಾನು ಜೊತೆಗಿಲ್ಲದಿದ್ದರೆ ಹೇಗೆ? ಆದರೆ ರಜೆ ಬೇಕೆಂದರೆ ಒಂದು ವಾರ ಮೊದಲೇ ಸಂಸ್ಥೆಗೆ ತಿಳಿಸಬೇಕು, ಅವರು ಬದಲಿ ಶಿಕ್ಷಕಿಯನ್ನು ಕಳಿಸುತ್ತಾರೆ. ನಾನು ತಿಳಿಸಿರಲಿಲ್ಲ. ತಿಳಿಸಿದ್ದರೂ ಸಿಗುತ್ತಿರಲಿಲ್ಲ — ಇದ್ದ ರಜೆಯೆಲ್ಲ ಮುಗಿಸಿ ಕೂತಿದ್ದೆ. ಒಂದು ದಿನ ತಾನೇ, ಯಾರಿಗೂ ಗೊತ್ತಾಗದಂತೆ ಬೀಗ ಹಾಕಿಕೊಂಡು ಹೋಗಿಬಂದರಾಯಿತು ಎಂದುಕೊಂಡೆ.

ಶನಿವಾರ ಸಂಜೆ ತಾಯಂದಿರಿಗೆ ಹೇಳಿದೆ, ಸೋಮವಾರ ಬಾಲವಾಡಿ ಇಲ್ಲ ಎಂದು. ಕಚೇರಿಯವರ ಕಿವಿಗೆ ಹಾಕಬೇಡಿ ಎಂದೂ ಹೇಳಿದೆ. ಅದಕ್ಕೂ ಅವರು ತಲೆಯಾಡಿಸಿದರು. ಉಳಿದವರಿಗೆ ಮುದುಕಿಯರೋ ದೊಡ್ಡ ಹೆಣ್ಣುಮಕ್ಕಳೋ ಇದ್ದರು, ಹೇಗೋ ಹೊಂದಿಸಿಕೊಂಡರು. ದೇವಕೆಮ್ಮನಿಗೆ ಯಾರೂ ಇರಲಿಲ್ಲ. ಮೇಲಾಗಿ ಸೋಮವಾರ ಸ್ಲ್ಯಾಬ್ ಹಾಕುವ ದಿನ. ಅಂದು ಯಾರೂ ತಪ್ಪಿಸುವಂತಿಲ್ಲ. ತಪ್ಪಿಸಿದರೆ ಕೂಲಿಯವರನ್ನು ಕರೆತರುವ ಮುಕಾದಮ ಮರುದಿನ ಗಂಡಹೆಂಡತಿ ಇಬ್ಬರನ್ನೂ ಕೆಲಸದಿಂದ ಕಿತ್ತುಹಾಕುತ್ತಾನೆ. ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಅವಳು ಬಾಗಿಲಲ್ಲೇ ನಿಂತಳು. "ನಾ ಹ್ಯಾಂಗ ಮಾಡ್ಲಿರಿ ಅಕ್ಕೋರ?"

ನನಗೆ ಮನೆಗೆ ಹೋಗುವ ಅವಸರ. ಬರುವ ನೆಂಟರಿಗೆ ಶೇಂಗಾ ಹೋಳಿಗೆ ಮಾಡಬೇಕಿತ್ತು. ಕಪಾಟು ತೆರೆದು ಆ ಪಟ್ಟಿ ತೆಗೆದು ಅವಳ ಕೈಗೆ ಹಾಕಿದೆ.

"ಒಂದ ದಿನದ ಮಾತು. ಕಟ್ಟಿ ಹೋಗು, ಏನೂ ಆಗೂದಿಲ್ಲ."

ಅವಳು ಪಟ್ಟಿಯನ್ನೂ ನನ್ನನ್ನೂ ನೋಡಿದಳು. "ಕಟ್ಟಬ್ಯಾಡ ಅಂದಿದ್ರಲ್ರಿ..." ಎಂದಳು, ತಪ್ಪು ತೋರಿಸುವ ದನಿಯಲ್ಲಲ್ಲ — ನಿಜವಾಗಿಯೂ ಅನುಮಾನ ಬಂದವಳಂತೆ. "ನಾನ ಹೇಳಾಕತ್ತೀನಲ್ಲ!" ಎಂದು ಬೀಗ ಹಾಕಿದೆ.

ನಾನೇ ಹೇಳಿದೆನಲ್ಲ. ಅಷ್ಟು ಸಾಕಾಯಿತು ಅವಳಿಗೆ.

ಸೋಮವಾರ ಮಧ್ಯಾಹ್ನ, ಜೇಜುರಿಯಿಂದ ಹಿಂತಿರುಗುವಾಗ, ಸಾಸವಡ ದಾಟುವಷ್ಟರಲ್ಲಿ ಕಟ್ಟಡದ ಕಾವಲುಗಾರನ ಫೋನು ಬಂತು. ನೆರಳು ಸರಿದು ಬಿಸಿಲು ಬಂದಾಗ ಮಗು ನೆರಳಿಗೆಂದು ಕಂಬವನ್ನು ಸುತ್ತಿ ಸುತ್ತಿ ಹೋಗಿದೆ. ಸುತ್ತಿದಷ್ಟೂ ಪಟ್ಟಿ ಗಿಡ್ಡವಾಗಿದೆ. ಎಳೆದಿದೆ, ಅತ್ತಿದೆ. ಕಾಲು ಊದಿ ನೀಲಿಗಟ್ಟಿದೆ. ತಾಯಿ ಒಂಬತ್ತನೆಯ ಮಹಡಿಯಲ್ಲಿ ಕಾಂಕ್ರೀಟಿನ ಬುಟ್ಟಿ ಕೈಯಿಂದ ಕೈಗೆ ದಾಟಿಸುವ ಸಾಲಿನಲ್ಲಿ. ಮಿಕ್ಸರಿನ ಸದ್ದಿನಲ್ಲಿ ಅವಳಿಗೇನು ಕೇಳಬೇಕು? ಪಕ್ಕದ, ಜನ ಬಂದು ನೆಲೆಸಿದ್ದ ಕಟ್ಟಡದ ಬಾಲ್ಕನಿಯಿಂದ ಒಬ್ಬಾಕೆ ನೋಡಿ ಮೊಬೈಲಿನಲ್ಲಿ ಚಿತ್ರ ತೆಗೆದು ಮಕ್ಕಳ ಸಹಾಯವಾಣಿಗೆ ಕರೆ ಮಾಡಿದ್ದಾಳೆ. ಅವಳದು ತಪ್ಪೆನ್ನಲಾರೆ. ಅವಳು ನೋಡದೆ ಹೋಗಿದ್ದರೆ ಕಾಲೇ ಉಳಿಯುತ್ತಿತ್ತೋ ಇಲ್ಲವೋ.

ಗಾಡಿಯಿಂದ ಇಳಿದವಳು ಮಗು ಇದ್ದ ಆಸ್ಪತ್ರೆಗೆ ಓಡಬೇಕಿತ್ತು. ದೇವಕೆಮ್ಮನನ್ನು ಕೂರಿಸಿದ್ದ ಪೊಲೀಸ್ ಚೌಕಿಗೆ ಓಡಬೇಕಿತ್ತು. ನಾನು ಹೋದದ್ದು ಬಾಲವಾಡಿಗೆ. ಬೀಗ ತೆಗೆದು, ಹಾಜರಿ ಪುಸ್ತಕ ತೆರೆದು, ಆ ಸೋಮವಾರದ ಖಾಲಿ ಅಂಕಣ ತುಂಬಿದೆ. ಹದಿಮೂರು ಮಕ್ಕಳು ಹಾಜರು. ಭಾಗ್ಯಶ್ರೀ ಗೈರುಹಾಜರು. ಕೆಳಗೆ 'ಮಧ್ಯಾಹ್ನ ಖಿಚಡಿ ಕೊಡಲಾಯಿತು' ಎಂದು ಬರೆದೆ. ಕೈ ನಡುಗಲಿಲ್ಲ — ಅದನ್ನೂ ಹೇಳಿಬಿಡಬೇಕು. ಹೆಬ್ಬೆರಳಿಗೆ ಜೇಜುರಿಯ ಭಂಡಾರದ ಅರಿಶಿನ ಅಂಟಿತ್ತು. ಹಾಳೆಯ ಮೂಲೆಯಲ್ಲಿ ಹಳದಿ ಗುರುತು ಬಿತ್ತು. ಸೆರಗಿನಿಂದ ಒರೆಸಿದೆ, ಇನ್ನಷ್ಟು ಹರಡಿತು. ಯಾರು ನೋಡುತ್ತಾರೆ ಎಂದು ಮುಚ್ಚಿಟ್ಟೆ.

ಆ ಒಂದು ಗೈರುಹಾಜರಿಯ ಅರ್ಥ ಏನು ಗೊತ್ತೇ? ಬಾಲವಾಡಿ ತೆರೆದಿತ್ತು, ಹದಿಮೂರು ತಾಯಂದಿರು ಮಕ್ಕಳನ್ನು ಕಳಿಸಿದರು, ಇವಳೊಬ್ಬಳು ಕಳಿಸದೆ ಕಂಬಕ್ಕೆ ಕಟ್ಟಿ ಹೋದಳು. ಬೇರೆ ಸಾಕ್ಷಿಯೇ ಬೇಕಿರಲಿಲ್ಲ; ಉಳಿದ ತಾಯಂದಿರನ್ನು ಯಾರೂ ಕೇಳಲೂ ಇಲ್ಲ.

ಮೂರನೆಯ ದಿನ ಸಮಿತಿಯ ಮುಂದೆ ಅವಳನ್ನು ಕರೆದರು. ಅವಳಿಗೆ ಮರಾಠಿ ಬಾರದು, ಅವರಿಗೆ ಕನ್ನಡ ಬಾರದು. ಎರಡೂ ಬಲ್ಲವರು, ಮಕ್ಕಳ ಕೆಲಸದವರು, ನಂಬಿಕಸ್ಥರು ಯಾರಿದ್ದಾರೆ ಎಂದು ಸಂಸ್ಥೆಯನ್ನು ಕೇಳಿದರಂತೆ. ಸಂಸ್ಥೆಯವರು ನನ್ನನ್ನೇ ಕಳಿಸಿದರು. ಒಲ್ಲೆ ಎನ್ನಬಹುದಿತ್ತು. ಎನ್ನಲಿಲ್ಲ — ಬೇರೆ ಯಾರಾದರೂ ಹೋದರೆ ಅವಳು ಹೇಳಿದ್ದೆಲ್ಲ ಮರಾಠಿಯಲ್ಲಿ ಹೊರಬೀಳುತ್ತಿತ್ತು. ನಾನು ಹೋದದ್ದೇ ಅದಕ್ಕೆ. ಈ ಮಾತನ್ನು ಇಷ್ಟು ವರ್ಷ ನನಗೆ ನಾನೇ ಸ್ಪಷ್ಟವಾಗಿ ಹೇಳಿಕೊಂಡಿರಲಿಲ್ಲ.

ನನ್ನನ್ನು ನೋಡಿದೊಡನೆ ಅವಳ ಮುಖದಲ್ಲಿ ಜೀವ ಬಂತು. ಎರಡು ದಿನದಿಂದ ಉಂಡಿರಲಿಲ್ಲ ಅವಳು. ಮೇಜಿನ ಆಚೆ ಕೂತಿದ್ದ ಮೇಡಂ, ಮಗುವನ್ನು ಯಾಕೆ ಕಟ್ಟಿದೆ ಎಂದು ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ. ದೇವಕೆಮ್ಮ ಕೈಮುಗಿದು ಹೇಳಿದಳು —

"ಅವತ್ತ ಸಾಲಿಗಿ ಕೀಲಿ ಹಾಕಿತ್ರಿ. ಈ ಅಕ್ಕೋರ ಅರಿವಿ ಕೊಟ್ಟು ಕಟ್ಟಿ ಹೋಗು ಅಂದ್ರರಿ, ಅದಕ ಕಟ್ಟೀನ್ರಿ. ಬೇಕಾದ್ರ ಅವರನ್ನ ಕೇಳ್ರಿ."

ಹೇಳುತ್ತ ನನ್ನ ಕಡೆ ಕೈ ತೋರಿಸಿದಳು. ದೂರುವವಳ ಕೈಯಲ್ಲ ಅದು. ಜನಸಂದಣಿಯಲ್ಲಿ ತನ್ನವರನ್ನು ಕಂಡಾಗ ನಾವು ಕೈ ಎತ್ತುತ್ತೇವಲ್ಲ, ಹಾಗೆ.

"ಕಾಯ ಮ್ಹಣತೇ ತೀ?" ಎಂದರು ಮೇಡಂ. ಏನಂತಾಳೆ ಅವಳು?

ಆ ಒಂದು ಕ್ಷಣದಲ್ಲಿ — ಇಲ್ಲ, ಏನು ಹೇಳಿದರೂ ನೆಪವಾಗುತ್ತದೆ. ನನ್ನ ಬಾಯಿಂದ ಬಂದದ್ದು ಇದು: "ತೀ ಮ್ಹಣತೇ, ಕಾಮಾಲಾ ಜಾಯಚಂ ಹೋತಂ, ಮ್ಹಣೂನ ಬಾಂಧಲಂ." ಕೆಲಸಕ್ಕೆ ಹೋಗಬೇಕಿತ್ತು, ಅದಕ್ಕೇ ಕಟ್ಟಿದೆ ಅಂತಾಳೆ.

ನಿಮ್ಮ ಕಡೆ ಯಾಕೆ ಕೈ ತೋರಿಸುತ್ತಾಳೆ ಎಂದು ಅವರು ಕೇಳಿದರು. ತನ್ನ ಪರವಾಗಿ ನಾಲ್ಕು ಮಾತು ಹೇಳಿ ಎಂದು ಬೇಡಿಕೊಳ್ಳುತ್ತಿದ್ದಾಳೆ ಎಂದೆ. ಹೇಳಿ ಎಂದರು. ಬಡವರು, ತಿಳಿವಳಿಕೆ ಕಡಿಮೆ, ಸ್ವಲ್ಪ ಕನಿಕರ ತೋರಿಸಿ ಎಂದೆ. ಮೇಡಂ ನನ್ನನ್ನು ಮೆಚ್ಚುಗೆಯಿಂದ ನೋಡಿದರು. ಬಾಲವಾಡಿ ಅಂದು ತೆರೆದಿತ್ತೇ ಎಂದು ಕೇಳಿದರು. ಹಾಜರಿ ಪುಸ್ತಕದ ನಕಲು ಮುಂದಿಟ್ಟೆ. ಮಗು ಶಿಶುಗೃಹಕ್ಕೆ ಎಂದು ತೀರ್ಮಾನವಾಯಿತು.

ಮೆಟ್ಟಿಲಿಳಿಯುವಾಗ ದೇವಕೆಮ್ಮ ಅಳುತ್ತಲೇ ನನ್ನ ತೋಳು ಹಿಡಿದುಕೊಂಡಳು. ನನಗೆ ಸಮಾಧಾನ ಹೇಳುವುದಕ್ಕೆ! "ಹೋಗ್ಲಿ ಬಿಡ್ರಿ ಅಕ್ಕೋರ. ನೀವು ಹೇಳಿದ್ರಿ, ಅವ್ರು ಕೇಳಲಿಲ್ಲ. ನೀವ್ ಏನ್ ಮಾಡ್ತೀರಿ?" ಹೌದು ಎಂಬಂತೆ ತಲೆಯಾಡಿಸಿದೆ.

ಹನ್ನೊಂದು ತಿಂಗಳಾದ ಮೇಲೆ ಮಗು ವಾಪಸ್ಸು ಬಂತು. ಕಾಲು ಸರಿಹೋಗಿತ್ತು, ಸಣ್ಣ ಗೆರೆಯೊಂದು ಉಳಿದಿತ್ತು. ಕನ್ನಡ ಹೋಗಿತ್ತು. ಅಲ್ಲಿ ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಮಕ್ಕಳು ಮಾವಶಿ ಎನ್ನುತ್ತಿದ್ದರಂತೆ. "ಬಿದ್ದು ಅತ್ರೂ ಮಾವಶೀ ಅಂತ ಅಳ್ತಾಳ್ರಿ ಅಕ್ಕೋರ, ಯವ್ವಾ ಅನ್ನವಲ್ಲಳು," ಎಂದು ದೇವಕೆಮ್ಮ ನನ್ನ ಬಳಿಯೇ ಬಂದು ಹೇಳಿಕೊಂಡಳು. ಇನ್ನಾರ ಬಳಿ ಹೇಳಿಕೊಳ್ಳಬೇಕು? ಅವಳ ಕನ್ನಡ ತಿಳಿಯುವ, ಓದುಬರಹ ಬಲ್ಲವಳು ನಾನೊಬ್ಬಳೇ. ಊರಿನಲ್ಲಿ ಅವಳಿಗೆ 'ಕೂಸು ಕಟ್ಟಿದಾಕಿ' ಎಂದು ಹೆಸರು ಬಿತ್ತು. ನೆಂಟರಿಷ್ಟರ ಮದುವೆಗಳಿಗೂ ಹೋಗುವುದನ್ನು ಬಿಟ್ಟಳು.

ನನಗೆ ಮಾತ್ರ ಏನೂ ಆಗಲಿಲ್ಲ. ಅಲ್ಲ, ಆಯಿತು — ಬಡ್ತಿ ಸಿಕ್ಕಿತು. ಈಗ ನಾನು ಆರು ಬಾಲವಾಡಿಗಳ ಮೇಲ್ವಿಚಾರಕಿ. ಹೊಸ ಶಿಕ್ಷಕಿಯರಿಗೆ ತರಬೇತಿ ಕೊಡುತ್ತೇನೆ. ಇದನ್ನು ಬರೆಯದೆ ಬಿಟ್ಟುಬಿಡೋಣ ಎಂದು ಎರಡು ಸಲ ಪೆನ್ನು ಕೆಳಗಿಟ್ಟೆ, ಆದರೂ ಬರೆಯುತ್ತೇನೆ: ಆ ತರಬೇತಿಯಲ್ಲಿ ಮಕ್ಕಳನ್ನು ಕಟ್ಟಬಾರದೆಂದು ಹೇಳುವಾಗ ಭಾಗ್ಯಶ್ರೀಯ ಕಾಲಿನ ಚಿತ್ರ ತೋರಿಸುತ್ತಿದ್ದೆ. ಹೆಸರು ಹೇಳುತ್ತಿರಲಿಲ್ಲ. 'ಬಾಲವಾಡಿ ಬಾಗಿಲಲ್ಲೇ ಇದ್ದರೂ ಒಬ್ಬ ತಾಯಿ ಹೀಗೆ ಮಾಡಿದಳು' ಎನ್ನುತ್ತಿದ್ದೆ. ಹೇಳುತ್ತ ಹೇಳುತ್ತ ನನಗೇ ಅದು ನಿಜವೆನ್ನಿಸತೊಡಗಿತ್ತು. ಹೊಸ ಹುಡುಗಿಯರು ಕಣ್ಣೊರೆಸಿಕೊಳ್ಳುತ್ತಿದ್ದರು.

ಹೀಗೇ ಸತ್ತುಹೋಗುತ್ತಿದ್ದೆನೇನೋ. ಆದರೆ ನಾಲ್ಕು ತಿಂಗಳ ಹಿಂದೆ ದೇವಕೆಮ್ಮನ ತಂಗಿ ಇಲ್ಲೇ ಪುಣೆಯಲ್ಲಿ ಹೆರಿಗೆಯಾಗಿ ತೀರಿಕೊಂಡಳು. ಆ ತಂಗಿಯ ಗಂಡ ಮೊದಲೇ ಬಿಟ್ಟುಹೋಗಿದ್ದ. ಹೆಣ್ಣು ಕೂಸು. ತಂಗಿಯ ಮಣ್ಣಿಗೆಂದು ಇವರು ಊರಿಗೆ ಹೋಗಿಬರುವಷ್ಟರಲ್ಲಿ, ಆಸ್ಪತ್ರೆಯಲ್ಲೇ ಉಳಿದಿದ್ದ ಕೂಸು ಶಿಶುಗೃಹ ಸೇರಿತ್ತು. ನಾನು ಸಾಕುತ್ತೇನೆ, ನನ್ನ ತಂಗಿಯ ಕೂಸು ಎಂದು ದೇವಕೆಮ್ಮ ಸಮಿತಿಗೆ ಅರ್ಜಿ ಕೊಟ್ಟಳು. ಅವಳೀಗ ಕೂಲಿಯವಳಲ್ಲ, ಒಂದು ಸೊಸೈಟಿಯಲ್ಲಿ ಹೌಸ್‌ಕೀಪಿಂಗ್ ಕೆಲಸ, ಬಾಡಿಗೆಯದಾದರೂ ಗಟ್ಟಿ ಗೋಡೆಯ ಒಂದು ಕೋಣೆ. ಎಲ್ಲ ಸರಿಯಾಗಿದೆ ಎಂದಿದ್ದರಂತೆ. ಆಮೇಲೆ ಹಳೆಯ ಕಡತ ಹೊರಬಂತು. ಒಂದು ಮಗುವನ್ನು ಕಟ್ಟಿಹಾಕಿದವಳ ಕೈಗೆ ಇನ್ನೊಂದನ್ನು ಕೊಡುವುದು ಹೇಗೆ? ಅರ್ಜಿ ತಿರಸ್ಕಾರವಾಯಿತು. ಉಚಿತ ಕಾನೂನು ನೆರವಿನ ವಕೀಲೆಯೊಬ್ಬಳು ಮೇಲ್ಮನವಿ ಹಾಕಿಸಿದಳು — ಆ ಹಳೆಯ ದಾಖಲೆಯನ್ನೇ ತೆಗೆಯಬೇಕೆಂದು. ತೆಗೆಯದಿದ್ದರೆ ಕೂಸು ದತ್ತು ಹೋಗುತ್ತದೆ. ಎಲ್ಲಿಗೆ, ಯಾರಿಗೆ ಎಂದು ದೇವಕೆಮ್ಮನಿಗೆ ತಿಳಿಸುವುದೂ ಇಲ್ಲ.

ಆ ಮೇಲ್ಮನವಿಗೆಂದು ಕಡತದ ನಕಲು ಅವಳ ಕೈಗೆ ಬಂತು. ಮರಾಠಿಯಲ್ಲಿತ್ತು. ಮುನಿಸಿಪಾಲಿಟಿ ಶಾಲೆಯ ನಾಲ್ಕನೆಯ ತರಗತಿಯ ಭಾಗ್ಯಶ್ರೀ ಅದನ್ನು ಅವ್ವನಿಗೆ ಓದಿ ಹೇಳಿದಳಂತೆ, ಬೆರಳಿಟ್ಟುಕೊಂಡು, ಅಕ್ಷರ ಕೂಡಿಸಿಕೊಂಡು. ತನ್ನನ್ನೇ ಕುರಿತದ್ದನ್ನು. ಮರುದಿನ ದೇವಕೆಮ್ಮ ಆ ಹಾಳೆ ಹಿಡಿದುಕೊಂಡು ನನ್ನ ಬಳಿ ಬಂದಳು.

"ಅಕ್ಕೋರ, ನಾ ಹೇಳಿದ್ದು ಇದರಾಗ ಇಲ್ಲೇ ಇಲ್ರಿ. ಸಾಲಿಗಿ ಕೀಲಿ ಹಾಕಿತ್ತು ಅಂದಿದ್ನಲ್ರಿ. ನೀವು ಅರಿವಿ ಕೊಟ್ಟದ್ದು ಹೇಳಿದ್ನಲ್ರಿ. ಬರಕೊಂಡಾವ್ರು ಬಿಟ್ಟಾರೇನ್ರಿ?"

ಏಳು ವರ್ಷದ ಹಿಂದಿನದನ್ನು ಸರಿಪಡಿಸಲು ದೇವರೇ ಅವಳನ್ನು ನನ್ನ ಬಾಗಿಲಿಗೆ ಕಳಿಸಿದ್ದ. ನಾನು ಏನೆಂದೆ? "ಹೌದು, ಬರಕೊಂಡವರು ಬಿಟ್ಟಿರಬೇಕು," ಎಂದೆ.

ಅವಳ ಮುಖ ಅರಳಿತು. ಹಾಗಾದರೆ ಕೆಲಸ ಸುಲಭ! "ನೀವ್ ಅಲ್ಲೇ ಇದ್ರಲ್ರಿ. ನೀವ್ ಬಂದು ಒಂದ್ ಮಾತು ಹೇಳಿದ್ರ ಸಾಕಂತ, ವಕೀಲ ಬಾಯಾರು ಅಂದ್ರು." ಬರುತ್ತೇನೆ ಎಂದೆ.

ವಿಚಾರಣೆಯ ದಿನ ನಾನು ಹೋಗಲಿಲ್ಲ. ಜ್ವರವೆಂದು ಫೋನು ಮಾಡಿ, ತಳೇಗಾಂವದ ಮಗಳ ಮನೆಗೆ ಹೋಗಿ ಕೂತೆ. ಮಗಳು ಉಪ್ಪಿಟ್ಟು ಮಾಡಿಕೊಟ್ಟಳು, ತಿಂದೆ. ಹೌದು, ತಿಂದೆ. ಅಂದಿನ ತಾಯಂದಿರೆಲ್ಲ ಊರೂರಿಗೆ ಚದುರಿದ್ದರು; ಅಲ್ಲಿ ಸಾಕ್ಷಿಯಿಲ್ಲದೆ ದೇವಕೆಮ್ಮನ ಮಾತು ಬರೀ ಅವಳ ಮಾತಾಯಿತು. ಇದೇ ಕೊನೆಯ ಅವಕಾಶ ಎಂದು ಮೂರು ವಾರ ಮುಂದೆ ಹಾಕಿದರು. ಮೂರು ವಾರವೆಂದರೆ ಆ ಕೂಸಿಗೆ ಸಣ್ಣ ಹೊತ್ತಲ್ಲ.

ಸಂಜೆ ಅವಳ ಫೋನು ಬಂತು. ಬೈಯುತ್ತಾಳೆ ಎಂದುಕೊಂಡೇ ಎತ್ತಿದೆ. ಬೈಯಲಿ ಎಂದು ಆಸೆಯೂ ಇತ್ತು. "ಜ್ವರ ಇಳೀತೇನ್ರಿ ಅಕ್ಕೋರ? ಶುಂಠಿ ಕಷಾಯ ಕುಡೀರಿ. ಇವತ್ತ ಕೂಸಿನ್ನ ನೋಡಾಕ ಅರ್ಧ ತಾಸು ಬಿಟ್ರು." ಆಮೇಲೆ ದನಿ ಇಳಿಸಿದಳು. "ಎತ್ಕೊಂಡೀನ್ರಿ. ಆದ್ರ ಅಲ್ಲಿ ಮಾವಶಿ ದನಿ ಕೇಳಿದ್ ಕೂಡ್ಲೇ ಆ ಕಡಿ ಹೊಳ್ಳಿ ನೋಡ್ತದ್ರಿ. ಭಾಗ್ಯಾನೂ ಹಿಂಗ ಹೊಳ್ಳಿ ನೋಡ್ತಿದ್ಲು, ನೆನಪದ ಏನ್ರಿ?"

ಫೋನಿಟ್ಟು ಮಗಳ ಅಡುಗೆಮನೆಯಲ್ಲೇ ನೆಲಕ್ಕೆ ಕೂತೆ. ನನ್ನ ಬಾಯಿ, ಹದಿನಾಲ್ಕು ಮಕ್ಕಳ ತಾಯಂದಿರನ್ನು ಉಗುರಿಗೂ ಚಹಾಕ್ಕೂ ಬೈದ ಬಾಯಿ — ಎರಡು ಸಲ ಒಬ್ಬಳೇ ತಾಯಿಯ ಮಡಿಲಿಂದ ಮಗುವನ್ನು ಕಿತ್ತುಕೊಂಡಿತ್ತು. ಮಗಳು ಏನಾಯಿತವ್ವಾ ಎಂದು ಗಾಬರಿಯಿಂದ ಕೇಳಿದಳು. ಮೊದಲು ಹೇಳಿದ್ದು ಅವಳಿಗೆ. ಅವಳು ಬಹಳ ಹೊತ್ತು ನನ್ನ ಮುಖ ನೋಡಲಿಲ್ಲ.

ಮರುದಿನ ಸಂಸ್ಥೆಯ ಕಚೇರಿಗೆ ಹೋಗಿ ಹಳೆಯ ಪುಸ್ತಕಗಳ ಕಪಾಟು ತೆಗೆಸಿದೆ. ಆ ಹಾಜರಿ ಪುಸ್ತಕ ಸಿಕ್ಕಿತು. ಹಾಳೆಯ ಮೂಲೆಯಲ್ಲಿ ಹಳದಿ ಬಣ್ಣ ಸ್ವಲ್ಪ ಮಾಸಿದೆ, ಹೋಗಿಲ್ಲ. ಸಂಸ್ಥೆಯ ಮುಖ್ಯಸ್ಥೆಗೆ ಎಲ್ಲವನ್ನೂ ಬರೆದು ಕೊಟ್ಟು ಅವರೆದುರಿಗೇ ಆ ಹಾಳೆಯ ನಕಲು ತೆಗೆಸಿಕೊಂಡೆ. ಕೆಲಸದಿಂದ ತೆಗೆಯುತ್ತಾರೆ, ತೆಗೆಯಬೇಕು. ಸುಳ್ಳು ಹೇಳಿದ್ದಕ್ಕೆ ನನ್ನ ಮೇಲೆ ಕೇಸೂ ಆಗಬಹುದು ಎಂದು ವಕೀಲೆ ಹೇಳಿದಳು. ಆಗಲಿ.

ಆದರೆ ದೇವಕೆಮ್ಮನಿಗೆ ಹೇಳುವುದು ಉಳಿದಿತ್ತು; ಅವಳಿಗೆ ನಾನೇ ಹೇಳುತ್ತೇನೆಂದು ವಕೀಲೆಯನ್ನು ಕೇಳಿಕೊಂಡಿದ್ದೆ. ಕಚೇರಿಗೆ, ವಕೀಲೆಗೆ ಹೇಳುವುದು ಸುಲಭ — ಅವರು ನನ್ನನ್ನು ಎಂದೂ ನಂಬಿ ಕೂತವರಲ್ಲ. ಎರಡು ವಾರ ಅವಳ ಓಣಿಯ ತನಕ ಹೋಗಿ ಹೋಗಿ ಹಿಂದೆ ಬಂದೆ. ನಿನ್ನೆ, ಭಾನುವಾರ ಮಧ್ಯಾಹ್ನ, ಹೋದೆ.

ಭಾಗ್ಯಶ್ರೀ ಬಾಗಿಲ ಬಳಿ ಕೂತು ಶಾಲೆಯ ಬರವಣಿಗೆ ಮಾಡುತ್ತಿದ್ದಳು. ಬಲಗಾಲಿಗೆ ಬೆಳ್ಳಿ ಚೈನಿತ್ತು. ಗೆರೆ ಉಳಿದ ಎಡಗಾಲಿಗೆ ಅವಳು ಏನನ್ನೂ ಹಾಕಿಸಿಕೊಳ್ಳುವುದಿಲ್ಲವಂತೆ. ದೇವಕೆಮ್ಮ ಚಾಪೆ ಹಾಸಿ, ನೀರು ಕೊಟ್ಟು, ಒಲೆಯ ಮೇಲೆ ಚಹಾ ಇಟ್ಟಳು. ಅವಳ ಬೆನ್ನು ನನ್ನ ಕಡೆಗಿತ್ತು. ಆ ಬೆನ್ನಿಗೇ ಹೇಳಿದೆ. ನೀನು ಹೇಳಿದ್ದನ್ನು ಬರೆದುಕೊಂಡವರು ಬಿಟ್ಟದ್ದಲ್ಲ ದೇವಕೆಮ್ಮ, ನಾನು ಹೇಳಲೇ ಇಲ್ಲ. ಪುಸ್ತಕದಲ್ಲಿ ಸುಳ್ಳು ಬರೆದವಳೂ ನಾನೇ. ಜ್ವರವೂ ಸುಳ್ಳು.

ಅವಳು ತಿರುಗಲಿಲ್ಲ. ಚಹಾ ಉಕ್ಕಿ ಬರುತ್ತಿತ್ತು, ಒಲೆ ಆರಿಸಿದಳು. ಎರಡು ಕಪ್ಪು ತೆಗೆದಿಟ್ಟಿದ್ದಳು, ಒಂದನ್ನು ಎತ್ತಿ ಮತ್ತೆ ಗೂಡಿನಲ್ಲಿಟ್ಟಳು. ಭಾಗ್ಯಶ್ರೀಯ ಪೆನ್ಸಿಲ್ ನಿಂತಿತ್ತು. ಈ ಏಳು ವರ್ಷದಲ್ಲಿ ಅವಳು ಕನ್ನಡವನ್ನು ಮತ್ತೆ ಕಲಿತಿದ್ದಾಳೆ. ನಾನು ಹೇಳಿದ್ದೆಲ್ಲ ಅವಳಿಗೂ ತಿಳಿಯಿತು.

ದೇವಕೆಮ್ಮ ಅಳಲಿಲ್ಲ, ಬೈಯಲಿಲ್ಲ. ಒಂದೇ ಮಾತು ಕೇಳಿದಳು. "ಇದನ್ನ ಅಲ್ಲಿ ಹೇಳ್ತೀರೇನ್ರಿ? ಇಷ್ಟೂ?"

ಇಷ್ಟೂ ಹೇಳುತ್ತೇನೆ ಎಂದೆ. ಬರೆದೂ ಕೊಡುತ್ತೇನೆ, ಕನ್ನಡದಲ್ಲೂ ಮರಾಠಿಯಲ್ಲೂ. ಕ್ಷಮಿಸು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಅದನ್ನು ಕೇಳಿ ಅವಳ ಮೇಲೆ ಇನ್ನೊಂದು ಭಾರ ಹೊರಿಸುವ ಹಕ್ಕು ನನಗಿಲ್ಲ.

ನಾನು ಎದ್ದು ಚಪ್ಪಲಿ ಮೆಟ್ಟಿಕೊಳ್ಳುವಾಗ ಅವಳು ಬಾಗಿಲಿಗೆ ಬಂದಳು. ಅಂದು ಬಾಲವಾಡಿಯ ಬಾಗಿಲಲ್ಲಿ ನಿಂತ ಹಾಗೆಯೇ. ಈ ಸಲ 'ಅಕ್ಕೋರ' ಎನ್ನಲಿಲ್ಲ.

"ಮಂಗಳವಾರ ನಾ ನಿಮ್ಮ ಬಾಜೂಕ ನಿಂದರ್ತೀನಿ. ನೀವು ಏನೇನ್ ಹೇಳ್ತೀರಿ, ಎಲ್ಲಾ ಕೇಳ್ತೀನಿ. ಈಗ ನನಗ ಮರಾಠಿ ತಿಳೀತದ."

ನಾಳೆ ಹನ್ನೊಂದು ಗಂಟೆಗೆ ವಿಚಾರಣೆ. ನಾನು ಹತ್ತಕ್ಕೇ ಹೋಗಿ ಅಲ್ಲಿ ಕೂರುತ್ತೇನೆ.